ಕಲ್ಲುಕೋರೆಯ ಸುತ್ತ ಏನೇನು ಬೆಳೆದಿದೆ: ಲೆಕ್ಕ ಬರೆದಿಡುವ ಬಗೆ

ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಒಂದು ಕಲ್ಲುಕೋರೆ ಇದೆ. ಸೋಮವಾರಪೇಟೆಯಿಂದ ಕುಶಾಲನಗರದ ಕಡೆ ಇಳಿಯುವಾಗ ಎಡಕ್ಕೆ ಹೊರಳಿದರೆ ಸಿಗುತ್ತದೆ. ಜಲ್ಲಿಗೆ ಕಲ್ಲು ತೆಗೆಯುತ್ತಿದ್ದರು. ಅದನ್ನು ದೊಡ್ಡದು ಮಾಡಲು ಅರ್ಜಿ ಬಿದ್ದಾಗ ಜೊತೆಗಿದ್ದ ವರದಿಯನ್ನು ನಾನು ಓದಿದೆ. ಗಿಡಮರಗಳ ಬಗ್ಗೆ ಅರ್ಧ ಪುಟ ಇತ್ತು. ಬೇವು, ಜಾಲಿ, ನೀಲಗಿರಿ, ಹುಣಸೆ ಎಂದು ಬರೆದಿದ್ದರು. ನಮ್ಮ ಗುಡ್ಡದಲ್ಲಿ ಒಂದು ಜಾಲಿ ಗಿಡವೂ ಇಲ್ಲ. ಇರುವ ಮತ್ತಿ, ನಂದಿ, ಹೊನ್ನೆ, ತಡಸಲು ಆ ಕಾಗದದಲ್ಲಿ ಇರಲಿಲ್ಲ. ಬಯಲುಸೀಮೆಯ ಯಾವುದೋ ಕೋರೆಯ ಪಟ್ಟಿಯನ್ನು ತಂದು ಅಂಟಿಸಿದ್ದರು.

ಸಿಟ್ಟು ಬಂತು. ಆಮೇಲೆ ದುಃಖವಾಯಿತು. ಯಾಕೆಂದರೆ ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು. ಆ ಪಟ್ಟಿ ತಪ್ಪು ಎನ್ನಲು ನನ್ನ ಹತ್ತಿರವೂ ಬರೆದಿಟ್ಟದ್ದು ಒಂದು ಹಾಳೆ ಇರಲಿಲ್ಲ. ಎಲ್ಲ ಕಣ್ಣಿಗೆ ಗೊತ್ತಿತ್ತು, ಕಾಗದದಲ್ಲಿ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನೇ ಹಗ್ಗ ಹಿಡಿದು ಹತ್ತಿದೆ. ಹಾಡಿಯ ಜೇನುಕುರುಬರ ಅಜ್ಜ ಒಬ್ಬರು ಜೊತೆಗೆ ಬಂದರು. ತಪ್ಪು ಮಾಡಿ, ತಿದ್ದಿ, ಮತ್ತೆ ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಹತ್ತಿರವೂ ಒಂದು ಕೋರೆ ಇರಬಹುದು, ಇಲ್ಲವೇ ಬರಲಿರಬಹುದು. ಇನ್ನೂ ಬಂದಿಲ್ಲ ಎಂದಾದರೆ ಇನ್ನೂ ಒಳ್ಳೆಯದು. ಬಂಡೆ ಸಿಡಿಯುವ ಮೊದಲೇ ಬರೆದ ಲೆಕ್ಕಕ್ಕೆ ಇರುವ ಬೆಲೆ ಆಮೇಲೆ ಬರೆದದ್ದಕ್ಕೆ ಇಲ್ಲ.

ಮೊದಲು ಜಾಗ ಅರ್ಥವಾಗಬೇಕು

ಗಿಡದ ಹೆಸರು ಬರೆಯುವ ಮೊದಲು ಗುಡ್ಡ ಎಲ್ಲಿದೆ ಎಂದು ಬರೆಯಿರಿ. ಕೊಡಗಿನಲ್ಲಿ ಇದು ಬಹಳ ಮುಖ್ಯ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಕುಶಾಲನಗರದ ಬಯಲಿನಲ್ಲಿ ಸುಮಾರು 1,000 ಮಿ.ಮೀ. ಎರಡರ ನಡುವೆ ನೇರ ಅಳೆದರೆ 50 ಕಿ.ಮೀ. ಕೂಡ ಇಲ್ಲ. ಅಷ್ಟರಲ್ಲೇ ಧೂಪ, ಬಲಗಿ, ಹೆಬ್ಬಲಸು ಇರುವ ನಿತ್ಯಹಸಿರು ಕಾಡು ಮುಗಿದು, ಬೇಸಿಗೆಗೆ ಎಲೆ ಉದುರಿಸುವ ತೇಗ, ದಿಂಡಿಗ, ಮತ್ತಿಯ ಕಾಡು ಶುರುವಾಗುತ್ತದೆ. "ಕೊಡಗಿನ ಸಸ್ಯಗಳು" ಎಂದು ಒಂದೇ ಪಟ್ಟಿ ಹಿಡಿದುಕೊಂಡು ಹೋದರೆ ಆ ವರದಿಯವರು ಮಾಡಿದ ತಪ್ಪನ್ನೇ ನಾವೂ ಮಾಡುತ್ತೇವೆ. ನಮ್ಮ ಗುಡ್ಡ ಎರಡರ ಮಧ್ಯೆ ಇದೆ. ಪಶ್ಚಿಮದ ಮಗ್ಗುಲಲ್ಲಿ ಎಲೆ ದಟ್ಟ, ಪೂರ್ವದ ಮಗ್ಗುಲಲ್ಲಿ ಫೆಬ್ರವರಿಗೇ ಬೋಳು.

ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೋರೆ ಯಾವ ನಂಬರಿನಲ್ಲಿದೆ, ಪಕ್ಕದ್ದು ಬಾಣೆಯಾ (ಗದ್ದೆಗೆ ಸೇರಿದ ಕಾಡುಜಾಗ), ಪೈಸಾರಿಯಾ (ಸರ್ಕಾರಿ ಜಾಗ), ಊರುಡುವೆಯಾ (ಊರೊಟ್ಟಿನ ಕಾಡು), ಮೀಸಲು ಅರಣ್ಯವಾ, ಯಾರ ತೋಟ, ಎಲ್ಲ ಬರೆಯಿರಿ. ಹತ್ತಿರದ ಕೊಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ತೊರೆ, ಎಷ್ಟು ದೂರ, ಅದು ಯಾವ ಹೊಳೆಗೆ ಸೇರುತ್ತದೆ ಎಂದೂ ಬರೆಯಿರಿ. ನಮ್ಮ ಕೊಲ್ಲಿ ಹಾರಂಗಿಗೆ ಸೇರುತ್ತದೆ, ಹಾರಂಗಿ ಕಾವೇರಿಗೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮ ಅಥವಾ ನಾಗರಹೊಳೆಯ ಗಡಿ ಎಷ್ಟು ದೂರ ಎಂಬುದನ್ನು ಮರೆಯಬೇಡಿ. ಈ ಗಡಿಯಿಂದ 1 ಕಿ.ಮೀ. ಒಳಗೆ ಗಣಿಗಾರಿಕೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. 

ಕಲ್ಲು ಯಾವುದು ಎಂದೂ ನೋಡಿ. ನಮ್ಮ ಕಡೆಯದು ಗಟ್ಟಿ ಕರಿಕಲ್ಲು. ಅದನ್ನು ತೆಗೆದ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಬೇರಿಗೆ ಇಳಿಯಲು ಬಿರುಕು ಬಿಟ್ಟರೆ ಬೇರೆ ದಾರಿಯಿಲ್ಲ. ಘಟ್ಟದ ಕೆಳಗಿನ ಕೆಂಪುಕಲ್ಲಿನ ಕೋರೆಯಾದರೆ ನೀರು ಇಂಗುತ್ತದೆ, ಹುಲ್ಲು ಬೇಗ ಹಿಡಿಯುತ್ತದೆ. ಒಂದೇ ವಯಸ್ಸಿನ ಎರಡು ಕೋರೆಗಳಲ್ಲಿ ಬೇರೆ ಬೇರೆ ಗಿಡ ಕಂಡರೆ ಅದಕ್ಕೆ ಕಲ್ಲೇ ಕಾರಣವಾಗಿರಬಹುದು.

ಇನ್ನು ಒಪ್ಪಿಗೆ ಮತ್ತು ಸುರಕ್ಷೆ. ನಡೆಯುತ್ತಿರುವ ಕೋರೆಯೊಳಗೆ ಹೇಳದೆ ಕೇಳದೆ ಕಾಲಿಡಬೇಡಿ. ಮದ್ದು ಸಿಡಿಸುವ ಹೊತ್ತು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಕೋರೆಯ ತುದಿಯಲ್ಲಿ ನಿಲ್ಲಬಾರದು. ಮೇಲೆ ಹುಲ್ಲು ಇರುತ್ತದೆ, ಅಡಿಯಲ್ಲಿ ಮಣ್ಣು ಜಾರಿ ಪೊಳ್ಳಾಗಿರುತ್ತದೆ. ಮಳೆ ಬಂದ ಮಾರನೆಯ ದಿನ ಕಲ್ಲುಗೋಡೆಯ ಕೆಳಗೂ ನಿಲ್ಲಬಾರದು. ನೀರು ತುಂಬಿದ ಗುಂಡಿಗೆ ದಡ ಎಂಬುದೇ ಇಲ್ಲ, ಕಾಲು ಜಾರಿದರೆ ನೇರ ಆಳ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೇಬೇಡಿ. ಆನೆ ಸುದ್ದಿ ಬೆಳಿಗ್ಗೆಯೇ ವಿಚಾರಿಸಿ. ನಾವು ಒಂಬತ್ತಕ್ಕೆ ಹತ್ತಿ ನಾಲ್ಕಕ್ಕೆ ಇಳಿಯುತ್ತೇವೆ, ಒಬ್ಬರೇ ಹೋಗುವುದಿಲ್ಲ.

ಹಗ್ಗ, ಗೂಟ, ನೋಟ್‌ಬುಕ್

ಬೇಕಾಗುವ ಸಾಮಾನು ಕಡಿಮೆ. 40 ಮೀಟರ್ ನೈಲಾನ್ ಹಗ್ಗ, 10 ಮೀಟರಿಗೊಂದು ಗಂಟು. ನಾಲ್ಕು ಗೂಟ. ದರ್ಜಿಯ ಟೇಪು. ನೆಲ ಅಳೆಯುವ ದೊಡ್ಡ ಟೇಪು. ಪೆನ್ಸಿಲ್ ತೆಗೆದುಕೊಳ್ಳಿ, ಪೆನ್ನು ಮಳೆಗೆ ಆಗುವುದಿಲ್ಲ. ಹಳೇ ದಿನಪತ್ರಿಕೆಯ ಕಟ್ಟು. ಒಂದು ಕತ್ತಿ. ಊರುಗೋಲು, ಅದಕ್ಕೆ ಬುಡದಿಂದ 1.3 ಮೀಟರ್ ಎತ್ತರದಲ್ಲಿ ಕೆಂಪು ಪಟ್ಟಿ ಬಳಿದಿರಬೇಕು. ಮರದ ಸುತ್ತಳತೆಯನ್ನು ಎಲ್ಲ ಕಡೆ ಅದೇ ಎತ್ತರದಲ್ಲಿ ಹಿಡಿಯಬೇಕು.

ಕೋರೆಯ ಅಂಚಿನಿಂದ ನಾಲ್ಕು ಗೆರೆ ಹಾಕಿಕೊಳ್ಳಿ. ಗುಡ್ಡದ ಮೇಲಕ್ಕೊಂದು, ಕೆಳಕ್ಕೊಂದು, ಗಾಳಿ ಬರುವ ಕಡೆಗೊಂದು, ಗಾಳಿ ಹೋಗುವ ಕಡೆಗೊಂದು. ಒಂದೊಂದು ಗೆರೆಯಲ್ಲಿ 10, 50, 100, 200, 400 ಮೀಟರ್ ದೂರದಲ್ಲಿ ಒಂದೊಂದು ಚೌಕ. ಒಟ್ಟು 20 ಚೌಕ ಆಗುತ್ತದೆ. ದಿನಕ್ಕೆ ಮೂರು ನಾಲ್ಕು ಮುಗಿದರೆ ಜಾಸ್ತಿ. ಒಂದು ವಾರದ ಕೆಲಸ ಎಂದು ಇಟ್ಟುಕೊಳ್ಳಿ.

ದೂರವನ್ನು ಮನೆಯಲ್ಲೇ ಕೂತು ನಿಗದಿ ಮಾಡಿ, ಅಲ್ಲಿಗೆ ಹೋದ ಮೇಲೆ ಬದಲಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಮೊದಲ ವರ್ಷ ಲಂಟಾನದ ಮುಳ್ಳಿನ ಪೊದೆ ಬಂದ ಕಡೆಯೆಲ್ಲ ನಾನು ಸ್ವಲ್ಪ ಆಚೆ ಸರಿದು ಚೌಕ ಹಾಕಿದೆ. ಕಾಲಿಗೆ ಸುಲಭ ಅನ್ನಿಸಿತು. ಆಮೇಲೆ ಲೆಕ್ಕ ನೋಡಿದರೆ ಗುಡ್ಡದಲ್ಲಿ ಲಂಟಾನ ಇಲ್ಲವೇ ಇಲ್ಲ ಎನ್ನುವ ಹಾಗಿತ್ತು. ಇಡೀ ವರ್ಷದ ಕೆಲಸವನ್ನು ಮತ್ತೆ ಮಾಡಿದೆ. ಮುಳ್ಳು ಬಂದರೆ ಮುಳ್ಳಿನಲ್ಲೇ ಹಗ್ಗ ಎಳೆಯಿರಿ.

ಮರಗಳಿಗೆ 10 ಮೀ. ಉದ್ದ, 10 ಮೀ. ಅಗಲದ ಚೌಕ. ಅದರ ಒಂದು ಮೂಲೆಯಲ್ಲಿ ಪೊದೆಗಳಿಗೆ 5 ಮೀ. ಚೌಕ. ಅದರೊಳಗೆ ಹುಲ್ಲು, ಸಣ್ಣ ಗಿಡಗಳಿಗೆ 1 ಮೀ. ಚೌಕ. ಚೌಕ ಸರಿಯಾಗಿದೆಯಾ ಎಂದು ತಿಳಿಯಲು ಮೂಲೆಯಿಂದ ಮೂಲೆಗೆ ಅಳೆಯಿರಿ. 14 ಮೀಟರ್ 14 ಸೆಂ.ಮೀ. ಬರಬೇಕು. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬಾರದು, ಸಮವಾಗಿ ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ಕಡಿದಾದ ಕಡೆ ಚೌಕ ಸಣ್ಣದಾಗುತ್ತದೆ, ಮರವೂ ಕಡಿಮೆ ಸಿಗುತ್ತದೆ. ಮರ ಅಳೆಯುವಾಗ ಇಳಿಜಾರಿನ ಮೇಲ್ಬದಿಗೆ ನಿಂತು ಅಳೆಯಿರಿ.

ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ: "ಪಶ್ಚಿಮ 100 ಮೀ. ಮತ್ತಿ 142, 96, 61. ನಂದಿ 118. ತಡಸಲು 47, 44, 39. ಬೀಟೆ 33. ಮರಿ: ತಡಸಲು 12, ನಂದಿ 3, ಮತ್ತಿ ಇಲ್ಲ." ಸಂಖ್ಯೆಗಳೆಲ್ಲ ಸುತ್ತಳತೆ, ಸೆಂಟಿಮೀಟರಿನಲ್ಲಿ. 30 ಸೆಂ.ಮೀ. ಮೇಲಿನದನ್ನು ಮರ ಎಂದು ಬರೆಯುತ್ತೇನೆ, ಅದಕ್ಕಿಂತ ಸಣ್ಣದು ಮರಿ. ಮರ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಯಲು ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿ. 142 ಸೆಂ.ಮೀ. ಮತ್ತಿಗೆ ಸುಮಾರು 1,604 ಚದರ ಸೆಂ.ಮೀ. ಬರುತ್ತದೆ. ಎಲ್ಲ ಮರಗಳದ್ದನ್ನೂ ಕೂಡಿಸಿದರೆ ಯಾವ ಜಾತಿ ಆ ಕಾಡನ್ನು ಆಳುತ್ತಿದೆ ಎಂದು ಕಾಣುತ್ತದೆ. ತಲೆ ಎಣಿಕೆಯಲ್ಲಿ ತಡಸಲು ಮುಂದೆ ಇರಬಹುದು, ದೇಹದಲ್ಲಿ ಮತ್ತಿಯೇ ದೊಡ್ಡದು.

ಆ ಸಾಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು "ಮತ್ತಿ ಇಲ್ಲ" ಎಂಬುದು. ದೊಡ್ಡ ಮತ್ತಿ ಮೂರು ಇವೆ, ಅದರ ಕೆಳಗೆ ಒಂದು ಮರಿಯೂ ಇಲ್ಲ. ನೋಡಿದವರಿಗೆ ಕಾಡು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಮೂರು ಬಿದ್ದ ದಿನ ಅಲ್ಲಿ ಮತ್ತಿ ಮುಗಿಯಿತು. ಬೆಂಕಿಯೋ, ದನವೋ, ಲಂಟಾನದ ನೆರಳೋ, ದೂಳೋ, ಕಾರಣ ಆಮೇಲೆ ಹುಡುಕಬಹುದು. ಮೊದಲು ಮರಿಗಳನ್ನು ಎಣಿಸಿ. ಬರೀ ದೊಡ್ಡ ಮರಗಳ ಪಟ್ಟಿ ಮಾಡುವವರು ಹೋದ ಕಾಲದ ಕಾಡನ್ನು ಬರೆಯುತ್ತಾರೆ, ಮುಂದೆ ಬರುವ ಕಾಡು ಅದರಲ್ಲಿ ಇರುವುದಿಲ್ಲ.

ಇನ್ನೊಂದು ಚೌಕ ಹಾಕಿದರೂ ಹೊಸ ಹೆಸರು ಬರುವುದಿಲ್ಲ ಎನ್ನುವ ತನಕ ಚೌಕ ಹಾಕುತ್ತಿರಬೇಕು. 20 ಸಾಲದಿದ್ದರೆ ಜಾಸ್ತಿ ಮಾಡಿ.

ಹೆಸರು ತಿಳಿಯುವುದು

ಗಿಡ ಗೊತ್ತಿರುವ ಊರವರನ್ನು ಜೊತೆಗೆ ಕರೆದುಕೊಂಡು ಹೋಗಿ, ಆ ದಿನದ ಕೂಲಿಯನ್ನು ಪೂರ್ತಿ ಕೊಡಿ. ನಾನು ಎಲೆ ನೋಡಿ ಯೋಚಿಸುವಷ್ಟರಲ್ಲಿ ಅಜ್ಜ ತೊಗಟೆ ಮುಟ್ಟಿ ಹೇಳುತ್ತಿದ್ದರು. "ಟೀಚರಮ್ಮ, ಎಲೆ ಉದುರಿದ ಮೇಲೆ ಏನು ನೋಡ್ತೀರಿ? ಮೈ ನೋಡಿ" ಎಂದರು. ಸರಿಯಾದ ಮಾತು. ಫೆಬ್ರವರಿಯಲ್ಲಿ ನಮ್ಮ ಗುಡ್ಡದಲ್ಲಿ ಎಲೆ ಎಲ್ಲಿರುತ್ತದೆ?

ಮತ್ತಿಯ ಮೈ ಮೊಸಳೆಯ ಚರ್ಮದ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ನಂದಿಯದು ನುಣುಪು, ಬಿಳಿಚು, ಹಾಳೆಯ ಹಾಗೆ ಸುಲಿಯುತ್ತದೆ. ದಿಂಡಿಗವೂ ಬಿಳಿಚೇ, ಆದರೆ ಎಲೆ ಸಣ್ಣದು, ಉದುರುವ ಮೊದಲು ಕೆಂಪಾಗುತ್ತದೆ. ಹೊನ್ನೆಗೆ ಗಾಯವಾದರೆ ರಕ್ತದಂಥ ಕೆಂಪು ಹಾಲು. ಅದಕ್ಕಾಗಿ ಕತ್ತಿ ಹಾಕಬೇಡಿ, ಆನೆ ಉಜ್ಜಿದ ಹಳೇ ಗಾಯ ಹುಡುಕಿದರೆ ಸಿಗುತ್ತದೆ. ಬೀಟೆಯ ಕಿರಿಎಲೆ ದುಂಡಗೆ, ಒಂದಾದ ಮೇಲೊಂದು ಎಡಕ್ಕೆ ಬಲಕ್ಕೆ ಬರುತ್ತದೆ. ಬೀಟೆಯ ಚಿಕ್ಕ ಮರಿಯನ್ನೂ ತಪ್ಪದೆ ಬರೆಯಿರಿ. ಅಪಾಯದಲ್ಲಿರುವ ಜಾತಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಸೇರಿದೆ.

ಅಜ್ಜ ಹೇಳಿದ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆಯಿರಿ, ಆಮೇಲೆ ಶಾಸ್ತ್ರೀಯ ಹೆಸರು ಸೇರಿಸಿ. ಒಂದೇ ಹೆಸರಿಗೆ ಎರಡು ಊರಿನಲ್ಲಿ ಎರಡು ಗಿಡ ಇರುತ್ತದೆ. ಧೂಪ ಎಂದರೆ ಬಿಳಿಧೂಪವಾ, ಕರಿಧೂಪವಾ? ಎರಡೂ ಬೇರೆ ಬೇರೆ ಕುಟುಂಬದ ಮರಗಳು. ಗೊತ್ತಾಗದಿದ್ದರೆ "ಗೊತ್ತಿಲ್ಲ 1", "ಗೊತ್ತಿಲ್ಲ 2" ಎಂದು ಬರೆದು ಫೋಟೋ ತೆಗೆಯಿರಿ. ಎಲೆಯ ಮೇಲ್ಮೈ, ಕೆಳಮೈ, ತೊಟ್ಟು ಕಾಂಡಕ್ಕೆ ಸೇರುವ ಜಾಗ, ತೊಗಟೆ, ಹೂವು ಅಥವಾ ಕಾಯಿ. ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ಗೊತ್ತಿದ್ದವರು ಹೇಳುತ್ತಾರೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಕೇಳಬಹುದು. ಊಹಿಸಿ ಬರೆಯಬೇಡಿ. ಒಂದು ಹೆಸರು ತಪ್ಪಾದರೆ ಇಡೀ ಪಟ್ಟಿಯನ್ನು ತಳ್ಳಿಹಾಕಲು ಅದೇ ಸಾಕು.

ರೆಂಬೆ ಒಣಗಿಸುವುದಾದರೆ ಹೂವೋ ಕಾಯಿಯೋ ಇರುವುದನ್ನೇ ತೆಗೆಯಿರಿ, ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ. ನಮ್ಮ ಮಳೆಗಾಲದಲ್ಲಿ ಹಾಳೆಯನ್ನು ದಿನಾ ಬದಲಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ನಾನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಮೀಸಲು ಅರಣ್ಯ, ವನ್ಯಧಾಮದಿಂದ ಇಲಾಖೆಯ ಒಪ್ಪಿಗೆ ಇಲ್ಲದೆ ಎಲೆಯನ್ನೂ ತರಬಾರದು.

ಯಾವುದರ ಪಕ್ಕ ಯಾವುದು

ಪಟ್ಟಿ ಆದ ಮೇಲೆ ನೋಡಬೇಕಾದ್ದು ಯಾರ ಜೊತೆ ಯಾರು ಇದ್ದಾರೆ ಎಂಬುದನ್ನು. ನಮ್ಮ ಕೋರೆಯ ಸುತ್ತ ನಾನು ಐದಾರು ಗುಂಪು ಗುರುತಿಸಿದ್ದೇನೆ. ನಿಮ್ಮ ಕಡೆ ಬೇರೆ ಇರಬಹುದು.

ಕೋರೆಯ ಅಂಚಿನಲ್ಲಿ, ಮೇಲ್ಮಣ್ಣು ಕೆರೆದು ಗುಡ್ಡೆ ಹಾಕಿದ ಕಡೆ, ಮೊದಲು ಬಂದದ್ದು ಲಂಟಾನ, ಯುಪಟೋರಿಯಂ, ಕಾಂಗ್ರೆಸ್ ಗಿಡ, ತಗಚೆ, ಮುಟ್ಟಿದರೆ ಮುನಿ. ನೆರಳಿಲ್ಲದ, ಕದಡಿದ ಮಣ್ಣು ಇವಕ್ಕೆ ಇಷ್ಟ. ಅದರ ನಡುವೆ ಎಲ್ಲೋ ಒಂದು ಉಪ್ಪಳಿಗೆ ತಲೆ ಎತ್ತಿದ್ದರೆ ನನಗೆ ಸಂತೋಷವಾಗುತ್ತದೆ. ಅಗಲ ಎಲೆಯ, ಬೇಗ ಬೆಳೆಯುವ ಮರ ಅದು. ತಾನು ಬೆಳೆದು ನೆರಳು ಕೊಡುತ್ತದೆ, ನೆರಳು ಬೇಕಾದವು ಆಮೇಲೆ ಅದರ ಕೆಳಗೆ ಬರುತ್ತವೆ. ಅದನ್ನು ಕಳೆ ಎಂದು ಕಡಿಯಬೇಡಿ.

ಕಲ್ಲುಗೋಡೆಯನ್ನು ದೂರದಿಂದ ದುರ್ಬೀನಿನಲ್ಲಿ ನೋಡಿ. ಬಿರುಕಿನಲ್ಲಿ ಗೋಣಿ, ಅರಳಿ, ಅತ್ತಿಯ ಸಸಿ ಇರುತ್ತದೆ. ಹಕ್ಕಿ ಹಾಕಿದ ಬೀಜ. ನೀರು ಜಿನುಗುವ ಕಡೆ ಹಾವಸೆ, ಜರೀಗಿಡ, ಮಳೆಗಾಲದಲ್ಲಿ ಕಾಡು ಕರ್ಣಕುಂಡಲ. ನಮ್ಮಲ್ಲಿ ಒಂದು ಕಡೆ ಪುಟ್ಟ ನೇರಳೆ ಹೂವಿನ ಸೀತಾಶ್ರು ಇದೆ, ಅದು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಬರೀ ಬಂಡೆ ಎಂದು ಬಿಟ್ಟು ಬರುವ ಜಾಗದಲ್ಲೇ ಅದು ಇದ್ದದ್ದು. ಗುಂಡಿಯ ನೀರಿನಲ್ಲಿ ಆಪು, ದಡದ ಕೆಸರಿನಲ್ಲಿ ಜೇಕು. ಈ ಗುಂಪಿಗೆ ನಾನು ಜಾಸ್ತಿ ಸಮಯ ಕೊಡುವುದಿಲ್ಲ, ನೀರಿರುವ ಎಲ್ಲ ಕೋರೆಯಲ್ಲೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಅಂಚಿನಿಂದ ದೂರ ಹೋದ ಹಾಗೆ ಮತ್ತಿ, ನಂದಿ, ಹೊನ್ನೆ, ತಡಸಲು, ಕನಗಲು, ನೆಲ್ಲಿ, ಅಳಲೆ, ನಡುನಡುವೆ ಬಿದಿರು ಮೆಳೆ. ಇದು ನಮ್ಮ ಗುಡ್ಡದ ಸ್ವಂತ ಕಾಡು. ಇನ್ನೊಂದು ಕಡೆ ಕಾಫಿ ತೋಟ. ತೋಟವನ್ನು ಬಿಡಬೇಡಿ. ಹಳೇ ತೋಟದ ನೆರಳಿನಲ್ಲಿ ಅತ್ತಿ, ಬಸರಿ, ಹಲಸು, ಬೀಟೆ ಎಲ್ಲ ಉಳಿದಿರುತ್ತವೆ. ಸಿಲ್ವರ್ ಓಕ್ ಮಾತ್ರ ಇರುವ ತೋಟ ಬೇರೆ ಮಾತು. ಎರಡನ್ನೂ "ಕೃಷಿ ಭೂಮಿ" ಎಂದು ಒಂದೇ ಬಣ್ಣದಲ್ಲಿ ತುಂಬುವ ನಕ್ಷೆಗಳನ್ನು ಕಂಡಾಗ ಬೇಜಾರಾಗುತ್ತದೆ.

ಕೊಲ್ಲಿಯ ಬದಿ ಎಲ್ಲಕ್ಕಿಂತ ಸೂಕ್ಷ್ಮ. ಹೊಂಗೆ, ನೀರವಂಜಿ, ಮುಂಡುಗ, ಅದರ ತಂಪಿನಲ್ಲಿ ಮದ್ದುಸೊಪ್ಪು. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ ನಾವು ಪಾಯಸ ಮಾಡುವ ಅದೇ ಸೊಪ್ಪು, ಶಾಸ್ತ್ರದಲ್ಲಿ ಜಸ್ಟಿಸಿಯಾ ವೈನಾಡೆನ್ಸಿಸ್. ಅದಕ್ಕೆ ನೆರಳೂ ಬೇಕು, ತೇವವೂ ಬೇಕು. ಕೋರೆಯ ಕೆಳಗಿನ ಕೊಲ್ಲಿಯಲ್ಲಿ ಒಂದು ಬದಿ ಮರ ಹೋಗಿ ಬಿಸಿಲು ಬಿತ್ತು, ಮೇಲಿಂದ ಕಲ್ಲುಪುಡಿ ಬಂದು ಕೂತಿತು. ಆ ಬದಿಯಲ್ಲಿ ಈಗ ಸೊಪ್ಪಿಲ್ಲ. ಎದುರು ಬದಿಯಲ್ಲಿ ಇದೆ. ನಮ್ಮತ್ತೆ ಮೊದಲು ಎಲ್ಲಿ ಕುಯ್ಯುತ್ತಿದ್ದರು ಎಂದು ನನಗೆ ಗೊತ್ತಿತ್ತು, ಹಾಗಾಗಿ ಈ ವ್ಯತ್ಯಾಸ ತಿಳಿಯಿತು. ಊರಿನ ಹೆಂಗಸರನ್ನು ಕೇಳಿ, ಯಾವ ಸೊಪ್ಪು ಎಲ್ಲಿ ಸಿಗುತ್ತಿತ್ತು ಎಂದು. ಕಳಲೆ, ಅಣಬೆ, ಮರಕೆಸ ಎಲ್ಲಿ ಎಂದು. ಹಳೇ ದಾಖಲೆ ಎಂದರೆ ನಮ್ಮ ಊರುಗಳಲ್ಲಿ ಅದೇ.

ದೂಳು, ಮಣ್ಣು, ನೀರು

ದೂಳು ಜನವರಿಯಿಂದ ಏಪ್ರಿಲ್ ತನಕ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆದರೆ ಆಗ ದೂಳೇ ಇರುವುದಿಲ್ಲ. ಒಣ ತಿಂಗಳುಗಳಲ್ಲಿ ಮೂಡಣ ಗಾಳಿ ಜಾಸ್ತಿ. ಹಾಗಾಗಿ ದೂಳು ಕೋರೆಯ ಪಶ್ಚಿಮಕ್ಕೆ ಬೀಳಬಹುದು ಎಂದುಕೊಂಡು ಹೊರಡಿ, ಅಲ್ಲಿ ಹೋಗಿ ನೋಡಿ ಖಚಿತ ಮಾಡಿಕೊಳ್ಳಿ. ಕಣಿವೆಯಲ್ಲಿ ಗಾಳಿ ತನ್ನದೇ ದಾರಿ ಹಿಡಿಯುತ್ತದೆ.

ಅಳೆಯಲು ಸುಲಭದ ಉಪಾಯ ಇದೆ. ಒಂದೇ ಜಾತಿಯ ಮರ ಆರಿಸಿಕೊಳ್ಳಿ. ಎದೆಮಟ್ಟದ ಎಲೆಯ ಮೇಲೆ ಪಾರದರ್ಶಕ ಅಂಟುಪಟ್ಟಿ ಒತ್ತಿ, ಎಬ್ಬಿಸಿ, ಬಿಳಿ ಹಾಳೆಗೆ ಅಂಟಿಸಿ. ಪಕ್ಕದಲ್ಲಿ ದೂರ, ತಾರೀಕು, ಕೊನೆಯ ಮಳೆ ಬಂದು ಎಷ್ಟು ದಿನ ಆಯಿತು ಎಂದು ಬರೆಯಿರಿ. 10 ಮೀಟರಿನದರಿಂದ 400 ಮೀಟರಿನದರ ತನಕ ಸಾಲಾಗಿ ಇಟ್ಟರೆ ಬೂದು ಬಣ್ಣ ಎಲ್ಲಿ ತೆಳುವಾಗುತ್ತದೆ ಎಂದು ಓದಲು ಬಾರದವರಿಗೂ ಕಾಣುತ್ತದೆ. ದೂಳು ಎಲೆಗೆ ಬೀಳುವ ಬೆಳಕು ತಡೆಯುತ್ತದೆ, ಎಲೆಯ ಉಸಿರುರಂಧ್ರ ಮುಚ್ಚುತ್ತದೆ. ಮರದ ತೊಗಟೆಯ ಮೇಲಿನ ಕಲ್ಲುಹೂವನ್ನೂ ಗಮನಿಸಿ, ಅಂಚಿಗೆ ಹತ್ತಿರ ಬಂದ ಹಾಗೆ ಕಡಿಮೆಯಾಗುತ್ತದೆಯೇ ಎಂದು.

ಮಣ್ಣಿಗೆ ಒಂದು ಗಾಜಿನ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲಿ ಕೂರುತ್ತದೆ, ನಯವಾದ ಗೋಡು ಕೆಲವು ಗಂಟೆಯಲ್ಲಿ, ಜೇಡಿ ಒಂದೆರಡು ದಿನದಲ್ಲಿ. ಕಾಡಿನ ಮಣ್ಣನ್ನೂ ಕೋರೆಯ ಗುಡ್ಡೆಯ ಮಣ್ಣನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಡಿನದರಲ್ಲಿ ಮೇಲೆ ಕಪ್ಪು ಕಸ ತೇಲುತ್ತದೆ. ಗುಡ್ಡೆಯದರಲ್ಲಿ ತೇಲಲು ಏನೂ ಇಲ್ಲ. ಮಣ್ಣಿನ ಹುಳಿ, ಸಾರ ತಿಳಿಯಬೇಕಾದರೆ ಪರೀಕ್ಷೆ ಮಾಡಿಸಿ. ತೋಟದವರಿಗೆ ಇದು ಹೊಸತಲ್ಲ ಅಲ್ವಾ.

ಕೊಲ್ಲಿಯ ನೀರನ್ನು ಕೋರೆಯ ಮೇಲೊಂದು ಕಡೆ, ಕೆಳಗೊಂದು ಕಡೆ ಹಿಡಿಯಿರಿ, ಜೋರು ಮಳೆ ಬಂದ ದಿನವೇ. ಒಂದೇ ಥರದ ಎರಡು ಬಾಟಲಿ, ಹಿಂದೆ ಬಿಳಿ ಹಾಳೆ, ಒಂದು ಫೋಟೋ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದಾಗ ಭದ್ರೆಗೆ ಸೇರುತ್ತಿದ್ದ ಹೂಳಿನ ಬಗ್ಗೆ ಎಷ್ಟು ಮಾತು ನಡೆಯಿತು, ನೆನಪಿರಬಹುದು. 2005ರ ಕೊನೆಗೆ ಆ ಗಣಿ ನಿಂತಿತು. ಸಣ್ಣ ಕೋರೆಯ ಹೂಳಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ನಾವೇ ಬಾಟಲಿ ಹಿಡಿಯಬೇಕು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ನಾನು ಇನ್ನೊಂದು ಕಾಲಂ ಸೇರಿಸಿದ್ದೇನೆ. ಕೋರೆಯ ಮೇಲ್ಬದಿಯ ನೆಲದಲ್ಲಿ ಬಿರುಕು ಇದೆಯಾ, ಮರ ವಾಲಿದೆಯಾ, ಹೊಸದಾಗಿ ನೀರು ಜಿನುಗುತ್ತಿದೆಯಾ? ಇದ್ದರೆ ಗಿಡದ ಕೆಲಸ ಬಿಟ್ಟು ಆ ದಿನವೇ ಪಂಚಾಯಿತಿಗೆ ತಿಳಿಸಿ.

ಹೋಲಿಕೆಗೆ ದೇವರಕಾಡು

ಕೋರೆಯ ಹತ್ತಿರ ಇಷ್ಟಿದೆ ಎಂದರೆ ಸಾಲದು. ಕೋರೆ ಇರದಿದ್ದರೆ ಎಷ್ಟಿರುತ್ತಿತ್ತು? ಅದನ್ನು ತಿಳಿಯಲು ಕೊಡಗಿನವರಿಗೆ ದೊಡ್ಡ ಅನುಕೂಲ ಇದೆ. ನಮ್ಮ ಜಿಲ್ಲೆಯಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ. ಅದೇ ಎತ್ತರ, ಅದೇ ಮಳೆ, ಅದೇ ಇಳಿಜಾರಿನ ದೇವರಕಾಡು ಹುಡುಕಿ ಅಲ್ಲಿಯೂ ನಾಲ್ಕಾರು ಚೌಕ ಹಾಕಿ. ಮೊದಲು ತಕ್ಕರನ್ನು (ಊರಿನ ಮುಖ್ಯಸ್ಥರನ್ನು), ಊರಿನ ಹಿರಿಯರನ್ನು ಕೇಳಿ. ಚಪ್ಪಲಿ ಹೊರಗೆ ಬಿಡಿ ಎಂದರೆ ಬಿಡಿ. ಅಲ್ಲಿಂದ ಒಂದು ಎಲೆಯೂ ತರಬೇಡಿ, ಫೋಟೋ ಸಾಕು. ನಾನು ಹೋದ ದೇವರಕಾಡಿನಲ್ಲಿ ಮತ್ತಿಯ ಮರಿಗಳು ಕಾಲಿಡಲು ಜಾಗ ಬಿಡದಷ್ಟು ಇದ್ದವು. ಅದೇ ಮಣ್ಣು, ಅದೇ ಮಳೆ. ನನ್ನ ನೋಟ್‌ಬುಕ್ಕಿನ "ಮತ್ತಿ ಇಲ್ಲ" ಎಂಬ ಮಾತಿನ ತೂಕ ನನಗೆ ಅಲ್ಲಿ ನಿಂತಾಗ ತಿಳಿಯಿತು.

ವರ್ಷಕ್ಕೆ ನಾಲ್ಕು ಸಲ

ಒಂದೇ ಸಲ ಹೋಗಿ ಬರೆದರೆ ಆಗುವುದಿಲ್ಲ. ಫೆಬ್ರವರಿಯಲ್ಲಿ ತೊಗಟೆ, ದೂಳು, ಮುತ್ತುಗದ ಹೂವು. ಕಾಫಿ ಹೂಬಿಡಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಮೇ ಹೊತ್ತಿಗೆ, ಚಿಗುರು, ಮರದ ಮೇಲಿನ ಸೀತಾಳೆ, ಹೊಸ ಮರಿಗಳು. ಆಗಸ್ಟಿನಲ್ಲಿ ಬಂಡೆಯ ಗಿಡಗಳು, ಜರೀಗಿಡ, ನೆಲದ ಸಣ್ಣ ಹೂವು. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ. ನವೆಂಬರಿನಲ್ಲಿ ಹುಲ್ಲು, ಅದರ ತೆನೆ ಆಗಲೇ ಇರುತ್ತದೆ, ತೆನೆಯಿಲ್ಲದೆ ಹುಲ್ಲಿನ ಹೆಸರು ಹೇಳಲು ಆಗದು. ಫೆಬ್ರವರಿಯಲ್ಲಿ ಮಾತ್ರ ಹೋಗಿ ಬರೆದ ವರದಿಗಳಲ್ಲಿ ಬಂಡೆಯ ಗಿಡ ಒಂದೂ ಇರುವುದಿಲ್ಲ. ಒಣಗಿ ಮಾಯವಾಗಿರುತ್ತವೆ.

ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಿಂತು ಒಂದು ಫೋಟೋ ತೆಗೆಯಿರಿ.

ಬರೆದದ್ದು ಎಲ್ಲಿ ಸೇರಬೇಕು

ಮನೆಯ ಕಪಾಟಿನಲ್ಲಿ ಇದ್ದರೆ ಉಪಯೋಗವಿಲ್ಲ. ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಆ ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕವೂ ಇರಬೇಕು. ನಿಮ್ಮ ಪಟ್ಟಿಯನ್ನು ಅದಕ್ಕೆ ಸೇರಿಸಿ ಎಂದು ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆಗ ಅದು ಊರಿನ ದಾಖಲೆಯಾಗುತ್ತದೆ.

5 ಹೆಕ್ಟೇರಿಗಿಂತ ಸಣ್ಣ ಕೋರೆಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿದೆ. ಅನುಮತಿಯ ಕಾಗದಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಬಹುದು. ಅನುಮತಿ ಪಡೆದವರು ಷರತ್ತು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಅದರಲ್ಲಿ ನೆಟ್ಟ ಗಿಡಗಳ ಹೆಸರು ಏನಿದೆ ನೋಡಿ. ಬರೀ ಅಕೇಶಿಯಾ, ಸಿಲ್ವರ್ ಓಕ್ ಇದ್ದರೆ ನಿಮ್ಮ ಚೌಕದ ಲೆಕ್ಕ ತೆಗೆದು ತೋರಿಸಿ. ಗುಡ್ಡೆಯ ಇಳಿಜಾರಿಗೆ ನೆಲ್ಲಿ, ತಡಸಲು, ಬಿದಿರು. ಒಳ್ಳೆಯ ಮಣ್ಣು ಉಳಿದ ಕಡೆ ಮತ್ತಿ, ಹೊನ್ನೆ, ನಂದಿ. ಕೊಲ್ಲಿಯ ಬದಿಗೆ ಹೊಂಗೆ, ನೀರವಂಜಿ. ಬಿರುಕಿನಲ್ಲಿ ತಾನಾಗಿ ಬಂದ ಅತ್ತಿಯನ್ನು ಸುಮ್ನೆ ಬಿಡುವುದು. ಕೆರೆದ ಮೇಲ್ಮಣ್ಣನ್ನು ಎತ್ತರದ ಗುಡ್ಡೆ ಮಾಡದೆ ತೆಳುವಾಗಿ ಹರಡಿ ಇಟ್ಟು, ಬೇಗ ವಾಪಸ್ ಹಾಕುವುದು. ಅದರಲ್ಲಿ ನಮ್ಮ ಗುಡ್ಡದ ಬೀಜವೇ ಇರುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳಿದಾಗ ನನ್ನನ್ನು ಯಾರೂ ಕೇಳಲಿಲ್ಲ. ಅಳತೆ, ತಾರೀಕು, ಫೋಟೋ ಇಟ್ಟು ಕೊಟ್ಟಾಗ ಕೂತು ಓದಿದರು.

ಕೊನೆಗೆ ಗೂಟಗಳ ವಿಷಯ. ಮರದ ಗೂಟ ಎರಡು ಮಳೆಗಾಲಕ್ಕೆ ಗೆದ್ದಲು ತಿಂದು ಹೋಗುತ್ತದೆ. ನಾನು ಈಗ ಪ್ರತಿ ಚೌಕದ ಈಶಾನ್ಯ ಮೂಲೆಯಲ್ಲಿ ಒಂದು ಮೊಳದ ಕಬ್ಬಿಣದ ಸರಳು ಹುಗಿದು, ಅದರ ಮೇಲೆ ಕೋರೆಯ ಒಡೆದ ಕಲ್ಲುಗಳನ್ನೇ ಮೂರು ಒಟ್ಟಿದ್ದೇನೆ. ಜಿಪಿಎಸ್ ಅಂಕಿಯ ಜೊತೆಗೆ ನಡೆದು ಹೋಗುವವರಿಗೆ ಅರ್ಥವಾಗುವ ಗುರುತೂ ಬರೆದಿದ್ದೇನೆ. "ಪಶ್ಚಿಮ 100 ಮೀ. ಗೇಟಿನ ಎದುರಿನ ದೊಡ್ಡ ಕನಗಲಿನಿಂದ ಹತ್ತುವ ದಾರಿ. ಎರಡು ನಂದಿ ಅಂಟಿಕೊಂಡು ನಿಂತ ಕಡೆ ಬಲಕ್ಕೆ ಆರು ಹೆಜ್ಜೆ. ಕಲ್ಲು ಎತ್ತುವಾಗ ಜೋಪಾನ, ಅಡಿಯಲ್ಲಿ ಚೇಳು ಇರುತ್ತದೆ." ನನ್ನ ಮೊಣಕಾಲು ಈಗ ಮೊದಲಿನ ಹಾಗೆ ಇಲ್ಲ. ಮುಂದಿನ ಆಗಸ್ಟಿಗೆ ಅಜ್ಜನ ಮೊಮ್ಮಗಳು ಹಗ್ಗ ಹಿಡಿಯುತ್ತೇನೆ ಎಂದಿದ್ದಾಳೆ.